ಮೋಗ್ಲಿಂಗ್ ಗೆಳೆತನವನ್ನೂ ನೆನೆಯೋಣ



ಜುಲೈ 1ರ ಪತ್ರಿಕಾ ದಿನದಂದು ಹರ್ಮನ್ ಮೋಗ್ಲಿಂಗ್ ಅವರನ್ನು 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಗಾಗಿ ನೆನೆಯುತ್ತೇವೆ. ಬಾಸೆಲ್ ಮಿಷನ್ ಸೇವೆಗೆಂದು ಬಂದ ಅವರು ಇಲ್ಲಿ ಉಂಡ ನೋವು, ಕಂಡ ಗೆಳೆತನವೂ ನೆನಪಾಗಲಿ. ಗೆಳೆಯ ವೈಗ್ಲೆ ಜೊತೆಗೂಡಿ ಹಳೆಯ ಕನ್ನಡ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ತಂದರು. 1855ರಲ್ಲಿ ವೈಗ್ಲೆ ತೀರಿಕೊಂಡರು. ಅವರ ಪತ್ನಿ ಪೌಲಿನ್ ಅವರನ್ನು ಮುಂದೆ ಮೋಗ್ಲಿಂಗ್ ಮದುವೆಯಾದರು. ಆಕೆಯ ಅನಾರೋಗ್ಯದಿಂದಾಗಿ 1860ರಲ್ಲಿ ಕನ್ನಡನಾಡು ಬಿಟ್ಟರು.

ಇಂಥ ಗೆಳೆತನವನ್ನು ನಾನೂ ಕಂಡಿದ್ದೇನೆ. ಪರ ಊರಿನಲ್ಲಿ ಜ್ವರದಿಂದ ಮಲಗಿದ್ದ ನನಗೆ, ನನ್ನ ಭಾಷೆ ಬಾರದ ನೆರೆಮನೆಯ ತಾಯಿ ಗಂಜಿಯ ಬಟ್ಟಲನ್ನು ಎರಡೂ ಕೈಯಿಂದ ಹಿಡಿದು ಕುಡಿಸಿದ್ದು ಇಂದಿಗೂ ಕಣ್ಣಮುಂದಿದೆ. ಕಷ್ಟದಲ್ಲಿ ಸಿಕ್ಕ ಗೆಳೆತನಕ್ಕೆ ಜಾತಿ, ಧರ್ಮ, ದೇಶದ ಗಡಿಯಿಲ್ಲ. ಪತ್ರಿಕಾ ದಿನದಂದು ಶಾಲೆಗಳಲ್ಲಿ ಮಕ್ಕಳಿಗೆ ಮೋಗ್ಲಿಂಗ್ ಅವರ ಗೆಳೆತನದ ಕಥೆಯನ್ನೂ ಹೇಳಬೇಕು.

– ನಿವೃತ್ತ ಶಿಕ್ಷಕ, ನೇಸರಗಿ, ತಾ. ಬೈಲಹೊಂಗಲ