ಹತ್ತು ನಿಮಿಷ ಮಾತಾಡಲು ಬಿಡಿ

ನಮಗೆ ವಾರಕ್ಕೆ ನಾಲ್ಕು ಇಂಗ್ಲಿಷ್ ಪಿರಿಯಡ್ ಇವೆ. ಆ ನಾಲ್ಕರಲ್ಲೂ ಸೇರಿ ನಮ್ಮ ಬೆಂಚಿನವರು ಆಡುವ ಇಂಗ್ಲಿಷ್ ಎಂದರೆ 'ಪ್ರೆಸೆಂಟ್ ಮಿಸ್', 'ಯೆಸ್ ಮಿಸ್', 'ಮೇ ಐ ಗೋ ಔಟ್', ಇಷ್ಟೇ. ಉಳಿದ ಹೊತ್ತೆಲ್ಲ ಕೇಳುವುದು, ನೋಟ್ಸ್ ಬರೆದುಕೊಳ್ಳುವುದು. ವರ್ಷದ ಕೊನೆಗೆ 80 ಅಂಕದ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುತ್ತೇವೆ, ಅಂಕವೂ ಬರುತ್ತದೆ. ನನ್ನ ತಕರಾರು ಅಂಕದ ಬಗ್ಗೆ ಅಲ್ಲ.

ನಮ್ಮ ಖಾಲಾ ಮಗಳು ಆಪಾ ಬಿ.ಕಾಂ. ಮುಗಿಸಿ ಒಂದು ಆಡಿಟರ್ ಆಫೀಸಿಗೆ ಸಂದರ್ಶನಕ್ಕೆ ಹೋಗಿದ್ದರು. ನಿಮ್ಮ ಬಗ್ಗೆ ಹೇಳಿ ಎಂದಾಗ ಬಾಯಿಪಾಠ ಮಾಡಿದ್ದನ್ನು ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಒಪ್ಪಿಸಿದರು. ಆಮೇಲೆ ಅವರು ಸುಮ್ಮನೆ, ಇಷ್ಟು ಮಳೆಯಲ್ಲಿ ಹೇಗೆ ಬಂದಿರಿ ಎಂದು ಇಂಗ್ಲಿಷಿನಲ್ಲೇ ಕೇಳಿದರಂತೆ. ಬಸ್ಸು ಸಿಗಲಿಲ್ಲ, ಅಬ್ಬಾ ಸ್ಕೂಟರಿನಲ್ಲಿ ಬಿಟ್ಟುಹೋದರು ಎಂದರೆ ಸಾಕಿತ್ತು. ಆಪಾಗೆ ಮಾತೇ ಹೊರಡಲಿಲ್ಲ. ಟ್ಯಾಲಿ, ಜಿಎಸ್‌ಟಿ ರಿಟರ್ನ್ ಎಲ್ಲ ಗೊತ್ತಿದ್ದವರಿಗೆ ಆ ಕೆಲಸ ಸಿಗಲಿಲ್ಲ. ಯಾವ ಗೈಡಿನಲ್ಲೂ ಇಲ್ಲದ ಪ್ರಶ್ನೆಗೆ ಉತ್ತರ ಹೇಳುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ನಮ್ಮ ಮನೆಯ ಮಾತು ಉರ್ದು. ಪಾಠಕ್ಕಿಂತ ಹೆಚ್ಚು ಕನ್ನಡ ನಮಗೆ ಬಂದದ್ದು ನಲ್ಲಿಯ ಸರದಿಯಲ್ಲಿ, ಕಿರಾಣಿ ಅಂಗಡಿಯಲ್ಲಿ, ಬೀದಿಯ ಆಟದಲ್ಲಿ. ಉರ್ದುವಿನಲ್ಲಿ ಬಸ್ಸು ಸ್ತ್ರೀಲಿಂಗ. ಹಾಗಾಗಿ ನನ್ನ ತಮ್ಮ ಚಿಕ್ಕವನಿದ್ದಾಗ 'ಬಸ್ಸು ಬಂದಳು' ಎನ್ನುತ್ತಿದ್ದ. ಎದುರು ಮನೆಯ ಅಜ್ಜಿ 'ಬಂತಾ? ಯಾವ ಬಸ್ಸು ಬಂತೋ ಮರಿ?' ಎಂದು ಕೇಳುತ್ತಿದ್ದರು. ತಿದ್ದಿದ ಹಾಗೂ ಆಯಿತು, ಮಾತು ನಿಲ್ಲಲೂ ಇಲ್ಲ. ಈಗ ಅವನ ಕನ್ನಡ ಕೇಳಿದರೆ ಮನೆಯಲ್ಲಿ ಬೇರೆ ಭಾಷೆ ಆಡುತ್ತಾನೆಂದು ಯಾರೂ ಹೇಳುವುದಿಲ್ಲ.

ಇಂಥದ್ದು ನಮ್ಮ ತರಗತಿಯಲ್ಲೂ ಒಮ್ಮೆ ನಡೆಯಿತು, ಅದೂ ಕರೆಂಟ್ ಹೋದದ್ದರಿಂದ. ಮಳೆಗಾಲದ ಮಧ್ಯಾಹ್ನ, ಅಕ್ಷರ ಕಾಣದಷ್ಟು ಕತ್ತಲೆ. ಮಿಸ್ ಪುಸ್ತಕ ಮುಚ್ಚಿ ಕುಳಿತರು. ಯಾರೋ 'ಮಿಸ್, ವೈ ಯು ಬಿಕಮ್ ಟೀಚರ್?' ಎಂದರು. ಮಿಸ್ ವಾಕ್ಯ ತಿದ್ದಲಿಲ್ಲ, ತಮ್ಮ ಕಥೆ ಹೇಳಿ, ನಿಮ್ಮ ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆ ಎಂದು ಇಂಗ್ಲಿಷಿನಲ್ಲೇ ಕೇಳಿದರು. ಕಾಲೇಜು ಶುರುವಾದಾಗಿನಿಂದ ತುಟಿ ಬಿಚ್ಚದ, ಉರ್ದು ಮಾಧ್ಯಮದಿಂದ ಬಂದ ಗೆಳತಿಯೊಬ್ಬಳು ಎದ್ದಳು. ಅಮ್ಮಿ ಬೀಡಿ ಕಟ್ಟುತ್ತಾರೆ, ಕೂಲಿ ಸಾವಿರ ಬೀಡಿಗೆ ಇಷ್ಟು ಎಂದು ಲೆಕ್ಕ, ಕಂಟ್ರಾಕ್ಟರ್ ಚೆನ್ನಾಗಿಲ್ಲ ಎಂದು ತೆಗೆದು ಹಾಕಿದ್ದಕ್ಕೆ ದುಡ್ಡಿಲ್ಲ, ಆ ಲೆಕ್ಕದ ಪುಸ್ತಕ ನಾನೇ ಬರೆಯುವುದು ಎಂದಳು. 'ಐ ಆಮ್ ಅಕೌಂಟೆಂಟ್ ಆಫ್ ಮೈ ಹೌಸ್' ಎಂದಾಗ ಯಾರೂ ನಗಲಿಲ್ಲ. (ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.) ಕರೆಂಟ್ ಬಂತು, ಪುಸ್ತಕ ತೆರೆಯಿತು. ಅವಳು ಮತ್ತೆ ಮಾತಾಡಿಲ್ಲ.

1979ರಿಂದ 1984ರವರೆಗೆ ಎನ್. ಎಸ್. ಪ್ರಭು ಎಂಬವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದ್ದರು. ಅದಕ್ಕೆ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರು. ವ್ಯಾಕರಣದ ಪಾಠ ಬದಿಗಿಟ್ಟು ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು, ಇದನ್ನು ನೋಡಿ ಲೆಕ್ಕ ಬಿಡಿಸಿ ಎನ್ನುವುದು. ತಲೆ ಲೆಕ್ಕದ ಮೇಲಿರುವಾಗ ಭಾಷೆ ತಾನಾಗಿ ಬರುತ್ತದೆ ಎಂಬುದು ಅವರ ವಾದ. ಆದರೆ ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ಗುಂಪು ಕಟ್ಟಿ ಮಾತಾಡುವುದು ಅವರಿಗೂ ಅಷ್ಟಾಗಿ ಒಪ್ಪಿಗೆ ಇರಲಿಲ್ಲ. ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟಿಕೊಂಡು ಗಟ್ಟಿಯಾಗುತ್ತದೆ ಎಂಬ ಅಳುಕು.

ಆ ಅಳುಕು ಸುಳ್ಳಲ್ಲ. ಗಲ್ಫಿನಿಂದ ಬಂದ ನಮ್ಮ ಚಾಚಾಗಳ ಅರಬಿ ಕೇಳಿ. ಶಾಲೆಯಲ್ಲಿ ಕಲಿತವರಲ್ಲ, 'ಮಾಫೀ ಮುಶ್ಕಿಲ್' ಎನ್ನುತ್ತಲೇ ಅಂಗಡಿ, ಟ್ಯಾಕ್ಸಿ ಎಲ್ಲ ನಿಭಾಯಿಸುತ್ತಾರೆ. ಆ ಅರಬಿಯಲ್ಲಿ ಒಂದು ಅರ್ಜಿ ಬರೆಯಲು ಆಗದು. ನಮ್ಮ ಕಾಲೇಜಿನಲ್ಲಿ ಅರಬಿ ತೆಗೆದುಕೊಂಡವರದು ಇದರ ಉಲ್ಟಾ. ಚಿಕ್ಕಂದಿನಿಂದ ಓದಿದ್ದಾರೆ, ಉಚ್ಚಾರ ಮುತ್ತಿನಂತಿದೆ, 'ಕೈಫ ಹಾಲುಕ' ದಾಟಿದರೆ ಮುಂದೆ ಮಾತಿಲ್ಲ. ಚಾಚಾಗಳ ಬಳಿ ವ್ಯಾಕರಣ ಇಲ್ಲ, ನಮ್ಮ ಬಳಿ ಹತ್ತು ವರ್ಷದ ವ್ಯಾಕರಣ ಇದೆ. ಹತ್ತು ನಿಮಿಷದ ಮಾತಿನಿಂದ ಅದು ಕೆಟ್ಟುಹೋಗುತ್ತದೆಂದು ನನಗೆ ಅನಿಸುವುದಿಲ್ಲ.

ಸಿಲಬಸ್ ಮುಗಿಯಬೇಕು, ತರಗತಿಯಲ್ಲಿ ಎಪ್ಪತ್ತು ಜನ, ಗಲಾಟೆಯಾದರೆ ಪಕ್ಕದ ತರಗತಿಯಿಂದ ದೂರು. ಉಪನ್ಯಾಸಕರ ಈ ಕಷ್ಟ ಗೊತ್ತಿದೆ. ಅದಕ್ಕೇ ಎಲ್ಲ ಪಿರಿಯಡ್ ಬೇಡ, ವಾರಕ್ಕೆ ಎರಡು ಸಲ ಮೊದಲ ಹತ್ತು ನಿಮಿಷ ಕೊಡಿ. ಇಂಗ್ಲಿಷಿನಲ್ಲೂ ಅರಬಿಯಲ್ಲೂ. ಮೊದಲು ಪಕ್ಕದವರ ಜೊತೆ ಮಾತು, ಆಮೇಲೆ ಎಲ್ಲರೆದುರು. ಇಲ್ಲದಿದ್ದರೆ ಕಾನ್ವೆಂಟಿನಿಂದ ಬಂದ ನಾಲ್ವರೇ ಮಾತಾಡುತ್ತಾರೆ. ಪದ ಸಿಗದಿದ್ದರೆ ಉರ್ದುವೋ ಕನ್ನಡವೋ ನಡುವೆ ಬರಲಿ. ಮಿಸ್, ನಮ್ಮನ್ನು ನಿಲ್ಲಿಸಿ ತಿದ್ದಬೇಡಿ, ಆ ಅಜ್ಜಿಯ ಹಾಗೆ ಸರಿಯಾದ ಮಾತಿನಲ್ಲೇ ಮುಂದಿನ ಪ್ರಶ್ನೆ ಕೇಳಿ. ಇನ್ನು ನಗುವವರು ಯಾವತ್ತೂ ಪಕ್ಕದ ಬೆಂಚಿನವರು, ಉಪನ್ಯಾಸಕರಲ್ಲ. ಅದನ್ನು ನಾವು ನಾವೇ ನೋಡಿಕೊಳ್ಳಬೇಕು.

ಮೊದಲ ಪ್ರಶ್ನೆಗೆ ಪಠ್ಯಪುಸ್ತಕ ಹುಡುಕಬೇಕಾಗಿಲ್ಲ. ಕ್ಯಾಂಟೀನಿನ ಸಮೋಸಾ ರೇಟು ಏರಿಸಿದ್ದು ಸರಿಯೇ? ಇದರ ಬಗ್ಗೆ ಕಾಮರ್ಸಿನ ಎಪ್ಪತ್ತು ಜನಕ್ಕೂ ಹೇಳುವುದಿದೆ.