ದಿಕ್ಸೂಚಿಯನ್ನು ನಡುಗಿಸುವ ಸೂರ್ಯ

ಮಡಿವಾಳ ಮಾಚಯ್ಯನ ಊರಾದ ದೇವರ ಹಿಪ್ಪರಗಿಯವರಿಗೆ ಸೂರ್ಯನ ಪ್ರತಾಪವನ್ನು ವರ್ಣಿಸಿ ಹೇಳಬೇಕಾದುದಿಲ್ಲ. ವೈಶಾಖದ ಬಿಸಿಲಿಗೆ ಅಲ್ಲಿಯ ಎರೆನೆಲ ಬಿರಿಯುತ್ತದೆ. ಒಗೆದ ಬಟ್ಟೆ ಹರವುವಷ್ಟರಲ್ಲಿ ಒಣಗುತ್ತದೆ. ಆದರೆ ಅದೇ ಸೂರ್ಯನ ಇನ್ನೊಂದು ಪೆಟ್ಟು ಮೈಗೆ ತಾಗುವುದಿಲ್ಲ. ಅದು ತಿಳಿಯುವುದು ಕಾಂತದ ಸೂಜಿಗೆ.

ಸೂರ್ಯಕಲೆಗಳ ಬಳಿ ಹೆಣೆದುಕೊಂಡ ಕಾಂತರೇಖೆಗಳು ಒಮ್ಮೊಮ್ಮೆ ಹರಿದು ಬೇರೆ ರೀತಿಯಲ್ಲಿ ಕೂಡಿಕೊಳ್ಳುತ್ತವೆ. ಆಗ ನೂರಾರು ಕೋಟಿ ಟನ್ನು ವಿದ್ಯುತ್ಕಣಗಳ ಮೋಡವೊಂದು ಸಿಡಿದು ಹೊರಬೀಳಬಹುದು. ಅದು ತನ್ನ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ. ಆ ಕ್ಷೇತ್ರದ ದಿಕ್ಕು ಭೂಮಿಯದಕ್ಕೆ ಎದುರಾಗಿದ್ದರೆ ನಮ್ಮ ಕಾಂತಕವಚದ ಬಾಗಿಲು ತೆರೆಯಿತೆಂದೇ ತಿಳಿಯಬೇಕು.

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಕ್ಯಾರಿಂಗ್ಟನ್ ಸೂರ್ಯಕಲೆಗಳ ಚಿತ್ರ ಬರೆಯುತ್ತಿರುವಾಗ ಅವುಗಳ ನಡುವೆ ಬೆಳ್ಳನೆಯ ಬೆಳಕೊಂದು ಮಿಂಚಿತು. ಸುಮಾರು ಹದಿನೇಳೂವರೆ ಗಂಟೆಗಳಲ್ಲಿ ಕಾಂತದ ಬಿರುಗಾಳಿ ಭೂಮಿಯನ್ನು ಮುಟ್ಟಿತು. ಆಗ ಬಿಜಾಪುರದ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಭೂಮಿಯ ಕಾಂತಬಲ ಸುಮಾರು 1600 ನ್ಯಾನೋಟೆಸ್ಲಾದಷ್ಟು ಕುಸಿಯಿತು. ಅಲ್ಲಿ ಆಗ ಸ್ವಯಂಚಾಲಿತ ಯಂತ್ರವಿರಲಿಲ್ಲ. ವೀಕ್ಷಕರು ನಿಮಿಷಗಳ ಲೆಕ್ಕದಲ್ಲಿ ಕಣ್ಣಿಟ್ಟು ಅಂಕೆಗಳನ್ನು ಬರೆದುಕೊಂಡರು. ಆ ಹಳೆಯ ಅಂಕೆಗಳನ್ನೇ ಹಿಡಿದು 2003ರಲ್ಲಿ ವಿಜ್ಞಾನಿಗಳು ಬಿರುಗಾಳಿಯ ಬಲವನ್ನು ಅಳೆದರು. (ಮುಂಬಯಿಗೆ ವಿದ್ಯುತ್ ಟ್ರಾಮು ಬರುವುದೆಂದಾಗ ಕಾಂತಮಾಪಕಗಳು ಅಲಿಬಾಗಿಗೆ ವಲಸೆ ಹೋಗಬೇಕಾಯಿತು. ನಾಗರಿಕತೆ ಬಂದಲ್ಲಿ ಸೂಕ್ಷ್ಮ ಸೂಜಿಗೆ ನೆಲೆಯಿಲ್ಲ!)

ಅಂದು ಕೆಟ್ಟದ್ದು ತಂತಿಯ ಕಚೇರಿಗಳು ಮಾತ್ರ. ಇಂದು ತಂತಿಯಿಲ್ಲದ ಮನೆ ಯಾವುದು? 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುಜ್ಜಾಲ ಒಂದೂವರೆ ನಿಮಿಷದಲ್ಲಿ ಕುಸಿದು, ಸುಮಾರು 60 ಲಕ್ಷ ಜನ ಒಂಬತ್ತು ಗಂಟೆಗಳ ಕಾಲ ಕತ್ತಲಲ್ಲಿ ಉಳಿದರು. ನಾವು ಕಾಂತಧ್ರುವಗಳಿಂದ ದೂರವಿರುವುದರಿಂದ ನಮಗೆ ಭಯ ಕಡಿಮೆ, ಇಲ್ಲವೇ ಇಲ್ಲವೆನ್ನುವಂತಿಲ್ಲ. 2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯ ಆಕಾಶವೇ ಕೆಂಪೇರಿತ್ತು.

ಮುನ್ಸೂಚನೆಯ ಕೆಲಸದಲ್ಲಿ ಕನ್ನಡನಾಡಿನ ಕೈಯೂ ಇದೆ. 2023ರ ಸೆಪ್ಟೆಂಬರ್ 2ರಂದು, ಕೊಲಾಬಾದ ಸೂಜಿ ಕುಸಿದ ದಿನಾಂಕದಂದೇ, ಆದಿತ್ಯ-ಎಲ್1 ನೌಕೆ ಮೇಲೇರಿತು. ಸೂರ್ಯನ ಪ್ರಭಾವಲಯವನ್ನು ನೋಡುವ ಅದರ ದೂರದರ್ಶಕ ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ಕೃತಿ. ಮೋಡ ಹೊರಟದ್ದು ಅದಕ್ಕೆ ಕಾಣಬಹುದು. ಸಾಮಾನ್ಯವಾಗಿ ಒಂದೆರಡು ದಿನಗಳ ಬಿಡುವು ದೊರೆಯುತ್ತದೆ. ಆದರೆ ಅದರ ಕಾಂತಕ್ಷೇತ್ರದ ದಿಕ್ಕು ಖಚಿತವಾಗಿ ತಿಳಿಯುವುದು ಅದು ನೌಕೆಯನ್ನೇ ಹಾಯ್ದಾಗ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ. ಅಲ್ಲಿಂದ ಇಲ್ಲಿಗೆ ವೇಗದ ಮೋಡಕ್ಕೆ ಒಂದು ಗಂಟೆಯ ದಾರಿಯೂ ಅಲ್ಲ. ವಿದ್ಯುಜ್ಜಾಲದವರು ಪರಿವರ್ತಕಗಳ ಹೊರೆ ಇಳಿಸಬೇಕಾದದ್ದು ಅಷ್ಟರೊಳಗೆ.