ಹಾರ್ಮೋನಿನ ಹೆಸರಲ್ಲಿ ಮುಚ್ಚಿಟ್ಟ ಮಾತು

ನನ್ನ ಸಂಬಂಧಿಯೊಬ್ಬನಿಗೆ ಐವತ್ತೆರಡು ವರ್ಷ. ಹುಬ್ಬಳ್ಳಿಯಲ್ಲಿ ಉದ್ಯೋಗ, ಧಾರವಾಡದಲ್ಲಿ ಸ್ವಂತ ಮನೆ. ಎಂಟು ತಿಂಗಳಿಂದ ಆತನಿಗೆ ಊಟ ಸೇರುತ್ತಿರಲಿಲ್ಲ, ನಸುಕಿನ ಮೂರಕ್ಕೇ ಎಚ್ಚರವಾಗುತ್ತಿತ್ತು, ಮಾತು ಕಡಿಮೆಯಾಗಿತ್ತು. ಕಳೆದ ವರ್ಷ ಒಂದು ಸಂಜೆ ಲವಲವಿಕೆಯಿಂದ ಮನೆಗೆ ಬಂದವನೇ ಖಾಸಗಿ ಪ್ರಯೋಗಾಲಯವೊಂದರ ವರದಿಯನ್ನು ನನ್ನ ಮುಂದಿಟ್ಟ. "ಕಾಕಾ, ನನಗ ಮನಸ್ಸಿನ ರೋಗ ಏನೂ ಇಲ್ಲ. ಹಾರ್ಮೋನ್ ಕಡಿಮಿ ಆಗೇತಂತ, ಅಷ್ಟ" ಎಂದ. ಟೆಸ್ಟೋಸ್ಟೆರಾನ್ ಚುಚ್ಚುಮದ್ದು ತೆಗೆದುಕೊಳ್ಳಲು ಆತ ಸಿದ್ಧನಾಗಿದ್ದ.

ಆ ಸಮಾಧಾನದ ಮೂಲ ನನಗೆ ಅಪರಿಚಿತವಲ್ಲ. ಬ್ರಿಟಿಷರ ಕಾಲದಲ್ಲಿ, 1845ರಲ್ಲಿ ಆರಂಭವಾದ ಧಾರವಾಡದ ಮಾನಸಿಕ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಉನ್ನತ ಸಂಸ್ಥೆಯಾಗಿದೆ. ಆದರೆ ನಾನು ಸೇವೆಯಲ್ಲಿದ್ದಾಗ ಬೇರೆ ಜಿಲ್ಲೆಗಳ ಕಚೇರಿಗಳಲ್ಲಿ, "ಇವನನ್ನು ಧಾರವಾಡಕ್ಕೆ ಕಳಿಸಬೇಕು" ಎಂಬುದು ಸಹೋದ್ಯೋಗಿಗಳ ನೆಚ್ಚಿನ ತಮಾಷೆಯಾಗಿತ್ತು. ಧಾರವಾಡದವನಾದ ನಾನೂ ನಗುತ್ತಿದ್ದೆ. ಐವತ್ತೊಂದನೆಯ ವಯಸ್ಸಿನಲ್ಲಿ, ಒಂದು ವರ್ಗಾವಣೆಯ ನಂತರ, ಕಡತ ತೆರೆದರೆ ಅಕ್ಷರ ಹಿಡಿಸದ ಸ್ಥಿತಿ ನನಗೇ ಬಂದಾಗ ಅದನ್ನು ಪಿತ್ತವೆಂದೆ, ಬಳಿಕ ರಕ್ತದೊತ್ತಡವೆಂದೆ. ಹೀಗೆ ಎರಡು ವರ್ಷ ಕಳೆದವು.

ಟೆಸ್ಟೋಸ್ಟೆರಾನ್ ಬೂಟಾಟಿಕೆಯ ಔಷಧವಲ್ಲ. 1935ರಲ್ಲಿ ಅದನ್ನು ಕೃತಕವಾಗಿ ತಯಾರಿಸಲಾಯಿತು. ವೃಷಣ ಅಥವಾ ಪಿಟ್ಯುಟರಿ ಗ್ರಂಥಿಯ ದೋಷದಿಂದ ಹಾರ್ಮೋನ್ ನಿಜಕ್ಕೂ ಕುಸಿದವರಿಗೆ ಅದು ಅಗತ್ಯ ಚಿಕಿತ್ಸೆ. ಆದರೆ ಕುಗ್ಗಿದ ಮನಸ್ಸಿಗೆ? ಅಮೆರಿಕದಲ್ಲಿ ಹಾರ್ಮೋನ್ ಕಡಿಮೆಯಿದ್ದ, 65 ವರ್ಷ ದಾಟಿದ 790 ಪುರುಷರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮನಃಸ್ಥಿತಿ ಸುಧಾರಿಸಿತಾದರೂ ಅದು ಅಲ್ಪವೇ. ಐದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಒಳಗೊಂಡ 2023ರ ಅಧ್ಯಯನವು ಹೃದಯಾಘಾತದ ಭಯವನ್ನು ತಗ್ಗಿಸಿತು. ಆದರೆ ಹೃದಯ ಬಡಿತದ ಏರುಪೇರು ಮತ್ತು ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ ಚಿಕಿತ್ಸೆ ಪಡೆದವರಲ್ಲಿ ತುಸು ಹೆಚ್ಚು ಕಂಡುಬಂದವು. ಮಕ್ಕಳನ್ನು ಬಯಸುವವರಿಗೆ ಇನ್ನೊಂದು ಎಚ್ಚರಿಕೆ: ಹೊರಗಿನಿಂದ ಕೊಡುವ ಈ ಹಾರ್ಮೋನ್ ವೀರ್ಯಾಣುಗಳ ಉತ್ಪಾದನೆಯನ್ನೇ ಕುಗ್ಗಿಸುತ್ತದೆ.

ವರದಿಯನ್ನು ಮತ್ತೊಮ್ಮೆ ನೋಡಿದೆ. ರಕ್ತ ತೆಗೆದದ್ದು ಸಂಜೆ ನಾಲ್ಕಕ್ಕೆ! ಈ ಹಾರ್ಮೋನ್ ಬೆಳಿಗ್ಗೆ ಏರಿ ಸಂಜೆಗೆ ಇಳಿಯುವಂಥದ್ದು. ಬೇರೆ ಬೇರೆ ದಿನಗಳ ಎರಡು ಮುಂಜಾನೆ ಪರೀಕ್ಷಿಸಿದ ನಂತರವೇ ಕೊರತೆಯೆಂದು ತೀರ್ಮಾನಿಸಬೇಕೆಂಬುದು ವೈದ್ಯಕೀಯ ನಿಯಮ. ಬೊಜ್ಜು, ಸಕ್ಕರೆ ಕಾಯಿಲೆ, ನಿದ್ರಾಹೀನತೆಗಳೂ ಅದನ್ನು ಇಳಿಸಬಲ್ಲವು. ವೈದ್ಯನಿಗೆ ತಿಳಿದಿರುವುದು ರೋಗಿಗೆ ತಿಳಿದಿರುವುದಿಲ್ಲವಾದ್ದರಿಂದ ವೈದ್ಯಕೀಯವು ಇತರ ಮಾರುಕಟ್ಟೆಗಳಂತಲ್ಲ ಎಂದು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ವಿವರಿಸಿದ್ದರು. ಎಂ.ಎ. ತರಗತಿಯಲ್ಲಿ ಅದನ್ನು ಓದಿ ಅಂಕ ಗಳಿಸಿದ್ದ ನನಗೆ ಅದರ ಅರ್ಥವಾದದ್ದು ಆ ವರದಿ ಕೈಯಲ್ಲಿದ್ದಾಗ.

ಆದರೂ ನನ್ನ ತಕರಾರು ಪರೀಕ್ಷೆಯ ವೇಳೆಯ ಬಗ್ಗೆ ಮಾತ್ರವಲ್ಲ. ರಕ್ತ ತೆಗೆದವರಾಗಲೀ ಚುಚ್ಚುಮದ್ದು ಸೂಚಿಸಿದವರಾಗಲೀ, "ಬದುಕುವುದು ಬೇಡವೆನಿಸಿದೆಯೇ?" ಎಂದು ಆತನನ್ನು ಕೇಳಿರಲಿಲ್ಲ. ಆತ ವಿಮೆಯ ಕಾಗದಪತ್ರಗಳನ್ನೆಲ್ಲ ಅದಾಗಲೇ ಹೆಂಡತಿಯ ಕೈಗೆ ಒಪ್ಪಿಸಿದ್ದ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,70,924 ಮಂದಿಯಲ್ಲಿ 1,22,724 ಮಂದಿ ಪುರುಷರು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆಯುಳ್ಳವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಹಾರ್ಮೋನಿನ ನೆಪದಲ್ಲಾದರೂ ಪುರುಷರು ವೈದ್ಯರ ಬಳಿ ಹೋಗುವುದಾದರೆ ಹೋಗಲಿ. ಆದರೆ ಆ ಪ್ರಶ್ನೆಯನ್ನು ಕೇಳದೆ ಯಾವ ವೈದ್ಯರೂ ಚುಚ್ಚುಮದ್ದು ಬರೆಯಬಾರದು. ಕೇಳುವವರಿಲ್ಲದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ; ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಆತನ ಜೊತೆ ನಾನೇ ಡಿಮ್ಹಾನ್ಸ್‌ಗೆ ಹೋದೆ. ಹೊರರೋಗಿ ವಿಭಾಗದ ಸರದಿಯಲ್ಲಿ ಪರಿಚಿತರು ಕಂಡಾರೆಂದು ಆತ ಮುಖ ತಗ್ಗಿಸಿ ಕುಳಿತಿದ್ದ. ನಾನೂ ಅಷ್ಟೇನೂ ಧೈರ್ಯವಾಗಿ ಕುಳಿತಿರಲಿಲ್ಲ. ಮುಂಜಾನೆಯ ಎರಡೂ ಪರೀಕ್ಷೆಗಳಲ್ಲಿ ಹಾರ್ಮೋನ್ ಸಹಜ ಮಿತಿಯಲ್ಲೇ ಇತ್ತು. ಖಿನ್ನತೆಯ ಔಷಧಿ, ಆಪ್ತಸಮಾಲೋಚನೆ ಎರಡೂ ನಡೆದಿವೆ, ನಿದ್ದೆ ಮರಳಿದೆ. ಕಚೇರಿಯಲ್ಲಿ ಮಾತ್ರ ಆತ ಇಂದಿಗೂ ಹಾರ್ಮೋನಿನ ಚಿಕಿತ್ಸೆಯೆಂದೇ ಹೇಳಿಕೊಂಡಿದ್ದಾನೆ. ನಾನು ತಿದ್ದಲು ಹೋಗಿಲ್ಲ.